ಇನ್ಸುಲಿನ್ ಚುಚ್ಚಿದ ಜಾಗ: ಒಂದು ಮೀಮಾಂಸೆ

ವಿಷಯ

ದಿನಕ್ಕೆ ಎರಡು ಸಲ ಇನ್ಸುಲಿನ್ ತೆಗೆದುಕೊಳ್ಳುವವರ ಮೈಗೆ ವರ್ಷದಲ್ಲಿ 730 ಸಲ ಸೂಜಿ ಇಳಿಯುತ್ತದೆ. ನಾಲ್ಕು ಸಲ ತೆಗೆದುಕೊಳ್ಳುವ ಮಗುವಿಗೆ 1460 ಸಲ. ಹತ್ತು ವರ್ಷ, ಇಪ್ಪತ್ತು ವರ್ಷ ಇದು ನಡೆದಾಗ ಚರ್ಮವೂ ಅದರಡಿಯ ಕೊಬ್ಬೂ ಏನಾದರೊಂದು ಉತ್ತರ ಕೊಟ್ಟೇ ಕೊಡುತ್ತವೆ. ಒಬ್ಬರಿಗೆ ಚುಚ್ಚಿದ ಕಡೆ ಕೆಂಪಗೆ ಬೀಗಿ ತುರಿಸುತ್ತದೆ. ಇನ್ನೊಬ್ಬರಿಗೆ ಹೊಕ್ಕುಳಿನ ಪಕ್ಕ ಗಂಟು ಏಳುತ್ತದೆ. ಮತ್ತೊಬ್ಬರಿಗೆ ತೊಡೆಯಲ್ಲಿ ಗುಳಿ ಬೀಳುತ್ತದೆ. ನೀಲಿಗಟ್ಟುವುದು, ಉರಿಯುವುದು, ಅಪರೂಪಕ್ಕೆ ಕೀವಾಗುವುದೂ ಉಂಟು.

ಕಾಸರಗೋಡಿನ ಮಟ್ಟಿಗೆ ಇದು ನಾಲ್ಕಾರು ಮನೆಗಳ ಮಾತಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ಸಕ್ಕರೆ ಕಾಯಿಲೆ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಮಂದಿಗಿದ್ದರೆ ಕೇರಳದಲ್ಲಿ ಶೇ. 25.5ರಷ್ಟು ಮಂದಿಗಿದೆ. ಅವರೆಲ್ಲ ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲ ನಿಜ. ಆದರೂ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ, ಫ್ರಿಜ್ಜಿನ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟಿನ ಪಕ್ಕ ಇನ್ಸುಲಿನ್ ಬಾಟ್ಲಿ ಇಟ್ಟುಕೊಂಡ ಮನೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಚರ್ಮದ ಈ ತಕರಾರು ಇನ್ಸುಲಿನ್ನಿನಷ್ಟೇ ಹಳತು. 1922ರ ಜನವರಿ 11ರಂದು ಟೊರಾಂಟೊದ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಈ ಮದ್ದು ಚುಚ್ಚಿದಾಗ ಸಕ್ಕರೆ ಇಳಿದದ್ದು ಅಷ್ಟಕ್ಕಷ್ಟೆ. ಚುಚ್ಚಿದ ಒಂದು ಕಡೆ ಬಾವು ಎದ್ದಿತು. ಅಲ್ಲಿದ್ದವರು ಮದ್ದನ್ನು ಕೈಬಿಡಲಿಲ್ಲ, ಬಾವನ್ನು ಕಡೆಗಣಿಸಲೂ ಇಲ್ಲ. ರಸಾಯನ ತಜ್ಞ ಜೇಮ್ಸ್ ಕಾಲಿಪ್ ಆ ರಸದಲ್ಲಿದ್ದ ಕಲ್ಮಶವನ್ನು ಕಳೆದು ಹದಗೊಳಿಸಿದರು. ಜನವರಿ 23ರಿಂದ ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ. ಮುಂದೆ ಹೇಳುವ ಸಿದ್ಧಾಂತಕ್ಕೆ ಈ ಹನ್ನೆರಡು ದಿನಗಳೇ ಮೊದಲ ಪ್ರಮಾಣ.

ಸಂಶಯ

ಮೈಮೇಲೆ ಇಂಥ ಗುರುತು ಕಂಡಾಗ ಮಾಡಬೇಕಾದ್ದೇನು? ದೇಹಕ್ಕೆ ಮದ್ದು ಹಿಡಿಯುತ್ತಿಲ್ಲವೆಂದು ತಿಳಿದು ನಿಲ್ಲಿಸಬೇಕೆ? ಸಕ್ಕರೆ ಇಳಿದರೆ ಸಾಕು, ಚರ್ಮದ ಗೊಡವೆ ಬೇಡವೆಂದು ಮುಂದುವರಿಸಬೇಕೆ? ಅಥವಾ ಮೂರನೆಯ ದಾರಿ ಇದೆಯೆ?

ಸಂಶಯ ಹುಟ್ಟುವುದಕ್ಕೆ ಕಾರಣವಿದೆ. ಕೆಂಪು ಕಲೆಗಳಲ್ಲಿ ಒಂದು ನಾಲ್ಕು ದಿನದಲ್ಲಿ ತಾನಾಗಿ ಮಾಯುತ್ತದೆ, ಇನ್ನೊಂದು ಅಪಾಯದ ಮುನ್ಸೂಚನೆಯಾಗಿರುತ್ತದೆ. ನೋವಿರುವ ಗುರುತು ಬಹಳ ಸಲ ನಿರುಪದ್ರವಿ. ನೋವೇ ಇಲ್ಲದ ಗಂಟು ಬಹಳ ಸಲ ಹೆಚ್ಚು ಕೆಡುಕಿನದು. ನೋವನ್ನೇ ಅಳತೆಗೋಲು ಮಾಡಿಕೊಂಡವರು ಇಲ್ಲಿ ದಾರಿ ತಪ್ಪುತ್ತಾರೆ.

ಪೂರ್ವಪಕ್ಷ

ಬಿಡಬೇಕೆನ್ನುವವರ ವಾದ ಹೀಗಿದೆ: ನುಂಗುವ ಮಾತ್ರೆ ಹೊಟ್ಟೆಗೆ ಆಗದಿದ್ದರೆ ಬಿಡುತ್ತೇವೆ. ಹಾಗೆಯೇ ಚುಚ್ಚುವ ಮದ್ದು ಚರ್ಮಕ್ಕೆ ಆಗದಿದ್ದರೆ ಬಿಡುವುದೇ ನ್ಯಾಯ. ದೇಹ ತನಗೆ ಬೇಡದ್ದನ್ನು ಬೇಡವೆಂದು ಹೇಳಿಕೊಳ್ಳುವ ರೀತಿಯೇ ಇದು.

ಲೆಕ್ಕಿಸಬಾರದೆನ್ನುವವರ ವಾದ ಬೇರೆ: ಸಕ್ಕರೆ ಏರಿದರೆ ಕಣ್ಣು, ಮೂತ್ರಪಿಂಡ, ಕಾಲು ಹೋಗುತ್ತವೆ. ಅಷ್ಟು ದೊಡ್ಡದನ್ನು ಉಳಿಸಿಕೊಳ್ಳುವಾಗ ಹೊಟ್ಟೆಯ ಮೇಲಿನ ಗಂಟಿಗೆ ತಲೆ ಕೆಡಿಸಿಕೊಳ್ಳುವುದು ಅತಿಯಾಯಿತು. ಅಂಗಿಯೊಳಗಿನ ಗಂಟನ್ನು ನೋಡುವವರಾದರೂ ಯಾರು?

ಎರಡು ಪಕ್ಷಗಳೂ ಎದುರುಬದುರು ನಿಂತಂತೆ ಕಾಣುತ್ತವೆ. ಆದರೆ ಎರಡಕ್ಕೂ ಬುಡದಲ್ಲಿರುವ ನಂಬಿಕೆ ಒಂದೇ: ಈ ಗುರುತುಗಳೆಲ್ಲ ಒಂದೇ ಜಾತಿಯವು, ಆದ್ದರಿಂದ ಎಲ್ಲಕ್ಕೂ ಒಂದೇ ಉತ್ತರ ಸಾಕು. ಆ ನಂಬಿಕೆ ತಪ್ಪು.

ಸಿದ್ಧಾಂತ

ಜಾಗ ಬಿಡಬೇಕು, ಮದ್ದು ಬಿಡಬಾರದು. ಸಿದ್ಧಾಂತ ಇಷ್ಟೆ. ಚುಚ್ಚಿದ ಕಡೆ ಏನೇ ಬದಲಾವಣೆ ಕಂಡರೂ ಮೊದಲು ಆ ಜಾಗಕ್ಕೆ ಬಿಡುವು ಕೊಡಬೇಕು, ಆಮೇಲೆ ಅದು ಯಾವ ಜಾತಿಯದೆಂದು ವಿಚಾರಿಸಬೇಕು. ವಿಚಾರಣೆ ಮುಗಿಯುವ ತನಕ ಇನ್ಸುಲಿನ್ ಬೇರೊಂದು ಒಳ್ಳೆಯ ಜಾಗದಲ್ಲಿ ಮುಂದುವರಿಯಬೇಕು. ಇದಕ್ಕೆ ಅಪವಾದ ಒಂದೇ. ಚುಚ್ಚಿದ ಸ್ವಲ್ಪ ಹೊತ್ತಿಗೆ ಮೈಯಿಡೀ ದದ್ದೆದ್ದು, ತುಟಿ ನಾಲಿಗೆ ಬೀಗಿ, ಉಸಿರು ಕಟ್ಟಿ, ತಲೆ ತಿರುಗಿದರೆ ಅದು ಚರ್ಮದ ಸಂಗತಿಯಾಗಿ ಉಳಿದಿಲ್ಲ. ಆಗ 108ಕ್ಕೆ ಕರೆ ಮಾಡಬೇಕು. ಮುಂದಿನ ಡೋಸಿನ ನಿರ್ಧಾರ ಆಸ್ಪತ್ರೆಯಲ್ಲೇ ಆಗಬೇಕು.

ಇನ್ನು ಜಾತಿಗಳ ವಿಚಾರ. ಐದಾಗಿ ವಿಂಗಡಿಸಿದರೆ ಸಾಕು.

ಒಂದನೆಯದು ಚುಚ್ಚಿದ್ದರಿಂದಲೇ ಆಗುವ ನೋವು, ಉರಿ, ನೀಲಿ ಕಲೆ. ಸಣ್ಣ ರಕ್ತನಾಳಕ್ಕೆ ಸೂಜಿ ತಗಲಿದರೆ ನೀಲಿಗಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ತಣ್ಣಗಿನ ಮದ್ದು ಚುಚ್ಚಿದರೂ, ಒರೆಸಿದ ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೂ ಉರಿಯುತ್ತದೆ. ಇವು ತಾವಾಗಿ ಹೋಗುತ್ತವೆ.

ಎರಡನೆಯದು ಕೊಬ್ಬಿನ ಗಂಟು. ಎಲ್ಲಕ್ಕಿಂತ ಹೆಚ್ಚು ಕಾಣುವುದೂ, ಎಲ್ಲಕ್ಕಿಂತ ಕಡಿಮೆ ಮಾತಿಗೆ ಬರುವುದೂ ಇದೇ. ಇನ್ಸುಲಿನ್ ರಕ್ತದ ಸಕ್ಕರೆ ಇಳಿಸುವುದರ ಜೊತೆಗೆ ಕೊಬ್ಬಿನ ಕೋಶಗಳನ್ನು ಬೆಳೆಸುವ ಹಾರ್ಮೋನು ಕೂಡ. ಇಡೀ ತೋಟದ ಗೊಬ್ಬರವನ್ನು ದಿನವೂ ಒಂದೇ ಅಡಿಕೆ ಮರದ ಬುಡಕ್ಕೆ ಸುರಿದರೆ ಆಗುವುದೇ ಇಲ್ಲೂ ಆಗುತ್ತದೆ: ದಿನವೂ ಮದ್ದು ಬಿದ್ದ ಜಾಗದಲ್ಲಿ ಕೊಬ್ಬು ಅತಿಯಾಗಿ ಬೆಳೆದು, ಅದರೊಳಗೆ ಗಾಯದ ನಾರು ಸೇರಿ ಗಂಟಾಗುತ್ತದೆ. ಅಲ್ಲಿ ನೋವಿನ ಅರಿವು ಕಡಿಮೆ. ನೋವಿಲ್ಲವೆಂದು ಮತ್ತೆ ಅಲ್ಲೇ ಚುಚ್ಚುತ್ತಾರೆ, ಗಂಟು ಮತ್ತೆ ಬೆಳೆಯುತ್ತದೆ. ಇದೇ ರೂಪದಲ್ಲಿ ಬರುವ ಇನ್ನೊಂದು ಗಂಟು ಗಟ್ಟಿ. ಚುಚ್ಚಿದ ಇನ್ಸುಲಿನ್ನೇ ಅಮಿಲಾಯ್ಡ್ ಎಂಬ ಪ್ರೊಟೀನಾಗಿ ಅಲ್ಲಿ ಗಡ್ಡೆಗಟ್ಟಿರುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಬಗ್ಗೆ ವೈದ್ಯರಿಗೂ ರೋಗಿಗಳಿಗೂ ಎಚ್ಚರಿಕೆ ಕೊಟ್ಟಿತು.

ಮೂರನೆಯದು ಗುಳಿ. ಇಲ್ಲಿ ಕೊಬ್ಬು ಬೆಳೆಯುವ ಬದಲು ಕರಗುತ್ತದೆ. ದೇಹದ ರೋಗನಿರೋಧಕ ಶಕ್ತಿ ಚುಚ್ಚಿದ ಮದ್ದಿನ ಮೇಲೆ ತಿರುಗಿಬೀಳುವುದು ಇದಕ್ಕೆ ಕಾರಣ. ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆಯುತ್ತಿದ್ದ ಕಾಲದಲ್ಲಿ ಇದು ಸಾಮಾನ್ಯವಾಗಿತ್ತು. 1970ರ ದಶಕದಲ್ಲಿ ಶುದ್ಧೀಕರಣ ಸುಧಾರಿಸಿತು. 1982ರಲ್ಲಿ, ಸೂಕ್ಷ್ಮಜೀವಿಗಳಿಂದ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಆಮೇಲೆ ಗುಳಿ ಅಪರೂಪವಾಯಿತು, ಪೂರ್ತಿ ಮಾಯವಾಗಿಲ್ಲ. ಗುಳಿ ಕಂಡರೆ ವೈದ್ಯರು ಇನ್ಸುಲಿನ್ನಿನ ಬಗೆಯನ್ನೇ ಬದಲಿಸಿ ನೋಡುತ್ತಾರೆ.

ನಾಲ್ಕನೆಯದು ಅಲರ್ಜಿ. ಚುಚ್ಚಿದ ಅರ್ಧ ಗಂಟೆಯೊಳಗೆ ಕೆಂಪಗೆ ಬೀಗಿ ತುರಿಸುವುದು ಒಂದು ಬಗೆ, ಮರುದಿನ ಗಟ್ಟಿಯಾಗಿ ತುರಿಸುವುದು ಇನ್ನೊಂದು ಬಗೆ. ಹೊಸತಾಗಿ ಶುರುಮಾಡಿದವರಲ್ಲಿ ಎಷ್ಟೋ ಸಲ ಕೆಲವು ವಾರಗಳಲ್ಲಿ ಇದು ತಾನಾಗಿ ತಣಿಯುತ್ತದೆ. ತಣಿಯದಿದ್ದರೆ ತಪ್ಪು ಇನ್ಸುಲಿನ್ನಿನದ್ದೇ ಎಂದು ತೀರ್ಮಾನಿಸಬಾರದು. ಬಾಟ್ಲಿಯಲ್ಲಿ ಇನ್ಸುಲಿನ್ ಒಂದೇ ಇರುವುದಿಲ್ಲ. ಕೆಡದಂತೆ ಕಾಯುವ ಮೆಟಾಕ್ರೆಸಾಲ್, ಫೀನಾಲ್ ಇರುತ್ತವೆ, ಸತು ಇರುತ್ತದೆ. ನಿಧಾನವಾಗಿ ಕೆಲಸ ಮಾಡುವ ಹಾಲುಬಣ್ಣದ ಎನ್‌ಪಿಎಚ್ ಇನ್ಸುಲಿನ್ನಿನಲ್ಲಿ ಸಾಂಪ್ರದಾಯಿಕವಾಗಿ ಮೀನಿನಿಂದ ಪಡೆಯುವ ಪ್ರೊಟಮೈನ್ ಇರುತ್ತದೆ. ಬಾಟ್ಲಿಯ ರಬ್ಬರು, ಸೂಜಿಯ ಲೋಹ, ಒರೆಸುವ ಸ್ಪಿರಿಟ್ ಕೂಡ ಸಂಶಯದ ಪಟ್ಟಿಯಲ್ಲಿವೆ. ಯಾವುದೆಂದು ಪತ್ತೆ ಹಚ್ಚಿದರೆ ಅದಿಲ್ಲದ ಮದ್ದು ಸಿಗುತ್ತದೆ. ಇನ್ಸುಲಿನ್ನಿಗೇ ಅಲರ್ಜಿ ಎಂದಾದರೂ ಸೂಕ್ಷ್ಮ ಪ್ರಮಾಣದಿಂದ ಆರಂಭಿಸಿ ದೇಹವನ್ನು ಒಗ್ಗಿಸುವ ಚಿಕಿತ್ಸೆ ಆಸ್ಪತ್ರೆಗಳಲ್ಲಿದೆ.

ಐದನೆಯದು ಸೋಂಕು. ಬಿಸಿಯಾಗಿ, ಕೆಂಪು ಹರಡುತ್ತ, ಕೀವು ತುಂಬಿ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರ ಕೀವನ್ನು ನಾಳೆಗೆ ಇಡಬಾರದು.

ಈಗ ತಡೆಯುವ ಕ್ರಮ. ಹೊಟ್ಟೆ, ತೊಡೆ, ತೋಳಿನ ಹಿಂಭಾಗ, ಪೃಷ್ಠದ ಮೇಲ್ಭಾಗ, ಇವು ಚುಚ್ಚಬಹುದಾದ ಜಾಗಗಳು. ಮದ್ದು ಎಲ್ಲ ಕಡೆಯೂ ಒಂದೇ ವೇಗದಲ್ಲಿ ಹೀರಲ್ಪಡುವುದಿಲ್ಲ. ಹೊಟ್ಟೆಯಲ್ಲಿ ಬೇಗ, ತೊಡೆ ಪೃಷ್ಠಗಳಲ್ಲಿ ನಿಧಾನ. ಆದ್ದರಿಂದ ಬೆಳಗ್ಗಿನದು ಎಲ್ಲಿ, ರಾತ್ರಿಯದು ಎಲ್ಲಿ ಎಂದು ವೈದ್ಯರಲ್ಲಿ ಕೇಳಿ ಗೊತ್ತುಮಾಡಿಕೊಂಡು, ಆ ಭಾಗದ ಒಳಗೇ ಜಾಗ ಬದಲಿಸುತ್ತ ಹೋಗಬೇಕು. ಹೊಟ್ಟೆಯನ್ನು ಹೊಕ್ಕುಳಿನ ಸುತ್ತ ನಾಲ್ಕು ಪಾಲು ಮಾಡಿ ವಾರಕ್ಕೊಂದು ಪಾಲು. ಒಂದು ಚುಚ್ಚಿಗೂ ಇನ್ನೊಂದಕ್ಕೂ ಬೆರಳಗಲ ಅಂತರ. ಹೊಕ್ಕುಳಿನ ಸುತ್ತ ಎರಡು ಬೆರಳು ಬಿಡಬೇಕು. ಲಂಗದ ಲಾಡಿ, ಪಂಚೆಯ ಕಟ್ಟು, ಬೆಲ್ಟು ಒತ್ತುವ ಗೆರೆಯಲ್ಲಿ ಚುಚ್ಚಬಾರದು, ಅಲ್ಲಿನ ಚರ್ಮ ಮೊದಲೇ ನಲುಗಿರುತ್ತದೆ. ಇನ್ಸುಲಿನ್ ಪೆನ್ನಿಗೆ 4 ಮಿ.ಮೀ. ಸೂಜಿ ಬಹುತೇಕ ಎಲ್ಲರಿಗೂ ಸಾಕು, ದಪ್ಪ ಮೈಯವರಿಗೂ ಸಾಕು, ಏಕೆಂದರೆ ಚರ್ಮದ ದಪ್ಪ ಹೆಚ್ಚಿನವರಲ್ಲಿ 2ರಿಂದ 2.5 ಮಿ.ಮೀ.ನಷ್ಟೇ. ಬಾಟ್ಲಿಯಿಂದ ಸಿರಿಂಜಿಗೆ ಎಳೆದುಕೊಳ್ಳುವವರ ಸೂಜಿ ಇದಕ್ಕಿಂತ ಉದ್ದ. ಅವರು ಹೆಬ್ಬೆರಳು ತೋರುಬೆರಳುಗಳಿಂದ ಚರ್ಮ ಎತ್ತಿ ಹಿಡಿದು ಚುಚ್ಚಬೇಕು, ಇಲ್ಲದಿದ್ದರೆ ಮದ್ದು ಮಾಂಸಖಂಡಕ್ಕೆ ಇಳಿಯುತ್ತದೆ. ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಬೇಕು. ಚುಚ್ಚಿದ ಮೇಲೆ ಆ ಜಾಗವನ್ನು ತಿಕ್ಕಬಾರದು.

ನಮ್ಮ ಹವೆಗೂ ಇದರಲ್ಲಿ ಪಾಲಿದೆ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ, ಬೇಸಗೆಯಲ್ಲಿ ಬೆವರು ಆರದ ಊರು ನಮ್ಮದು. ಸೊಂಟದ ಮಡಿಕೆಯಲ್ಲಿ ಬೆವರು ನಿಂತು ಎದ್ದ ಹುಳುಕಡ್ಡಿಯನ್ನು ಇನ್ಸುಲಿನ್ ಅಲರ್ಜಿ ಎಂದು ತಿಳಿದು ಭಯಪಡುವುದುಂಟು. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒತ್ತಿ ಪೂರ್ತಿ ಒಣಗಿಸಿದ ಚರ್ಮಕ್ಕೆ ಚುಚ್ಚುವುದು ಇಲ್ಲಿ ಮೊದಲ ನಿಯಮ. ತೆರೆಯದ ಬಾಟ್ಲಿ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಿದ್ದನ್ನು ಬಳಸಲೇಬಾರದು. ತೆರೆದದ್ದು ಸಾಮಾನ್ಯವಾಗಿ ನಾಲ್ಕು ವಾರ ಬಾಳುತ್ತದೆ, ತೆರೆದ ದಿನಾಂಕವನ್ನು ಬಾಟ್ಲಿಯ ಮೇಲೇ ಬರೆಯಬೇಕು. ಗಾಳಿಮಳೆಗೆ ಕರೆಂಟು ಹೋಗಿ ದಿನಗಟ್ಟಲೆ ಬಾರದ ಮಲೆ ಪ್ರದೇಶದ ಮನೆಗಳಲ್ಲಿ, ಹೊರಮೈ ಒದ್ದೆಯಾಗಿಟ್ಟ ಮಣ್ಣಿನ ಪಾತ್ರೆಯೊಳಗೆ ನೀರು ತಾಗದಂತೆ ಬಾಟ್ಲಿಯನ್ನು ಇಡುವುದು ಒಪ್ಪಿತವಾದ ಉಪಾಯ.

ಆಕ್ಷೇಪಗಳು, ಸಮಾಧಾನಗಳು

*ಮೊದಲ ಆಕ್ಷೇಪ.* ಗಂಟಿನಲ್ಲಿ ಚುಚ್ಚಿದರೆ ನೋಯುವುದಿಲ್ಲ. ದಿನವೂ ಚುಚ್ಚಿಕೊಳ್ಳುವವರಿಗೆ ಆ ಒಂದು ಸುಖವನ್ನೂ ಕಿತ್ತುಕೊಳ್ಳಬೇಕೆ?

*ಸಮಾಧಾನ.* ಆ ಸುಖಕ್ಕೆ ತೆರುವ ಬೆಲೆ ದೊಡ್ಡದು. ಗಂಟಿನಿಂದ ಮದ್ದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಸೇರಿದರೂ ಇಂದು ಒಂದು ರೀತಿ, ನಾಳೆ ಇನ್ನೊಂದು ರೀತಿ. ಸ್ಪೇನ್‌ನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ 430 ಮಂದಿಯನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸುಮಾರು ಶೇ. 64 ಮಂದಿಗೆ ಗಂಟುಗಳಿದ್ದವು. ಕಾರಣ ತಿಳಿಯದೆ ಸಕ್ಕರೆ ಕುಸಿಯುವ ತೊಂದರೆ ಗಂಟಿದ್ದವರಲ್ಲಿ ಶೇ. 39 ಮಂದಿಗಿದ್ದರೆ, ಗಂಟಿಲ್ಲದವರಲ್ಲಿ ಶೇ. 6ರಷ್ಟು ಮಂದಿಗಿತ್ತು. ಅದೇ ಊಟ, ಅದೇ ಡೋಸು, ಆದರೂ ಒಂದು ದಿನ 300, ಇನ್ನೊಂದು ದಿನ 60 ಎಂದು ಗೋಳಾಡುವವರು ಅನ್ನದ ಬಟ್ಟಲನ್ನು ದೂರುವ ಮೊದಲು ಹೊಟ್ಟೆಯನ್ನು ಮುಟ್ಟಿ ನೋಡಬೇಕು.

ಇಲ್ಲೊಂದು ಎಚ್ಚರಿಕೆ ಅತ್ಯಗತ್ಯ. ಗಂಟನ್ನು ಬಿಟ್ಟು ಒಳ್ಳೆಯ ಜಾಗಕ್ಕೆ ಬಂದ ದಿನ ಅದೇ ಪ್ರಮಾಣದ ಮದ್ದು ಪೂರ್ತಿ ರಕ್ತಕ್ಕೆ ಸೇರಿ ಸಕ್ಕರೆ ಒಮ್ಮೆಗೇ ಕುಸಿಯಬಹುದು. ಡೋಸನ್ನು ಶೇ. 20ಕ್ಕಿಂತ ಹೆಚ್ಚು ಇಳಿಸಬೇಕಾಗಿ ಬಂದದ್ದುಂಟು. ಆದ್ದರಿಂದ ವೈದ್ಯರಿಗೆ ತಿಳಿಸಿಯೇ ಜಾಗ ಬದಲಿಸಬೇಕು. ಮೊದಲ ಕೆಲವು ವಾರ ಮತ್ತೆ ಮತ್ತೆ ಸಕ್ಕರೆ ನೋಡಿಕೊಳ್ಳಬೇಕು, ಬೆಲ್ಲವೋ ಗ್ಲೂಕೋಸೋ ಕೈಗೆ ಸಿಗುವಲ್ಲಿರಬೇಕು. ಬಿಡುವು ಸಿಕ್ಕಿದ ಗಂಟು ತಿಂಗಳುಗಳಲ್ಲಿ ಮೆಲ್ಲನೆ ಇಳಿಯುತ್ತದೆ.

*ಎರಡನೆಯ ಆಕ್ಷೇಪ.* ಸಲಕ್ಕೊಂದು ಸೂಜಿ ಎನ್ನುವುದು ಉಳ್ಳವರ ಮಾತು. ಬೀಡಿ ಕಟ್ಟಿ, ಅಡಿಕೆ ಸುಲಿದು, ಮೀನು ಮಾರಿ ಬದುಕುವವರಿಗೆ ಇದು ನಡೆಯುವ ಕೆಲಸವೆ?

*ಸಮಾಧಾನ.* ಆಕ್ಷೇಪದಲ್ಲಿ ಸತ್ಯವಿದೆ. ಉಪದೇಶದಿಂದ ಸೂಜಿಯ ಬೆಲೆ ಇಳಿಯುವುದಿಲ್ಲ. ಸೂಜಿ ತಯಾರಾಗುವುದೇ ಒಂದು ಸಲದ ಬಳಕೆಗೆ. ಮತ್ತೆ ಮತ್ತೆ ಬಳಸಿದರೆ ತುದಿ ಬಾಗುತ್ತದೆ, ಮೇಲಿನ ನುಣುಪು ಲೇಪ ಹೋಗುತ್ತದೆ, ಒಳಹೊಕ್ಕಾಗ ಚರ್ಮವನ್ನು ಹರಿಯುತ್ತದೆ, ಗಂಟಿಗೆ ಕಾರಣಗಳಲ್ಲಿ ಒಂದಾಗುತ್ತದೆ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಮೇಲೆ ಹೇಳಿದ ಅಧ್ಯಯನದಲ್ಲಿ ಗಂಟಿದ್ದವರು ದಿನಕ್ಕೆ ಸರಾಸರಿ 56 ಯೂನಿಟ್, ಗಂಟಿಲ್ಲದವರು 41 ಯೂನಿಟ್ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು. ವ್ಯತ್ಯಾಸಕ್ಕೆ ಗಂಟೊಂದೇ ಕಾರಣವೆನ್ನಲಾಗದು. ಆದರೂ ದಿನಕ್ಕೆ 15 ಯೂನಿಟ್ ಎಂದರೆ ವರ್ಷಕ್ಕೆ 5475 ಯೂನಿಟ್, ನಮ್ಮ ದೇಶದಲ್ಲಿ ಸಿಗುವ 400 ಯೂನಿಟ್‌ನ ಬಾಟ್ಲಿಯಲ್ಲಿ ಹದಿಮೂರಕ್ಕೂ ಹೆಚ್ಚು. ಅದರಲ್ಲಿ ಒಂದು ಪಾಲು ಉಳಿದರೂ ಅದು ಸೂಜಿಯ ಖರ್ಚಿಗೆ ಒದಗುತ್ತದೆ.

ಈ ಲೆಕ್ಕ ಬಡವರಿಗಿಂತ ಹೆಚ್ಚಾಗಿ ಸರಕಾರಕ್ಕೆ ಹೇಳಬೇಕಾದ್ದು. ಟೈಪ್ 1 ಸಕ್ಕರೆ ಕಾಯಿಲೆಯ ಮಕ್ಕಳಿಗಾಗಿ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ 2018ರಲ್ಲಿ ಆರಂಭಿಸಿದ ‘ಮಿಠಾಯಿ’ ಯೋಜನೆ ಪೆನ್ನು ಮುಂತಾದ ಸಲಕರಣೆಗಳನ್ನೂ ಕೊಡುತ್ತದೆ. ಮದ್ದಿನ ಜೊತೆಗೆ ಸಲಕರಣೆಯೂ ಚಿಕಿತ್ಸೆಯ ಭಾಗವೆಂದು ಒಪ್ಪಿದ ಯೋಜನೆ ಅದು. ಅದೇ ನ್ಯಾಯ ದೊಡ್ಡವರಿಗೂ ಸಲ್ಲಬೇಕು. ಅಲ್ಲಿಯ ತನಕ ಬೇರೆ ದಾರಿಯಿಲ್ಲದೆ ತನ್ನ ಸೂಜಿಯನ್ನು ಇನ್ನೊಮ್ಮೆ ಬಳಸುವವರು ಅದನ್ನು ವೈದ್ಯರಿಂದ ಬಚ್ಚಿಡಬಾರದು, ಬಾಗಿದ್ದನ್ನು, ನೋಯಿಸುವುದನ್ನು ಕೂಡಲೇ ಬಿಡಬೇಕು, ಇನ್ನೊಬ್ಬರಿಗೆ ಎಂದೂ ಕೊಡಬಾರದು. ಗಂಡನಿಗೂ ಹೆಂಡತಿಗೂ ಸಕ್ಕರೆ ಕಾಯಿಲೆ ಇರುವ ಮನೆಯಲ್ಲೂ ಸೂಜಿ ಬೇರೆ, ಪೆನ್ನು ಬೇರೆ. ಬಳಸಿ ಮುಗಿದ ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ತುಂಬಿ ಆಸ್ಪತ್ರೆಗೆ ಮುಟ್ಟಿಸಬೇಕು. ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯ ಹೆಂಗಸರು ಎತ್ತುವ ಪ್ಲಾಸ್ಟಿಕ್ ಚೀಲದೊಳಗೆ ಅದು ಸೇರಿದರೆ ನಮ್ಮ ಆರೋಗ್ಯಕ್ಕೆ ಅವರ ಕೈ ಬೆಲೆ ತೆರುತ್ತದೆ.

*ಮೂರನೆಯ ಆಕ್ಷೇಪ.* ಸುರಕ್ಷಿತವೆಂದು ಹೇಳಿದ್ದನ್ನೆಲ್ಲ ನಂಬಲು ಕಾಸರಗೋಡಿನವರಿಗೆ ಹೇಳಬೇಡಿ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ ಭಯಪಡಬೇಡಿ ಎಂದೇ ಹೇಳಿದ್ದರು. ಈಗ ರಾಸಾಯನಿಕ ಬೆರೆಸಿದ ಮದ್ದಿನಿಂದ ಚರ್ಮ ಕೆಂಪಾದರೆ ಮತ್ತೆ ಅದೇ ಸಮಾಧಾನವೆ?

*ಸಮಾಧಾನ.* ಎಲ್ಲ ಆಕ್ಷೇಪಗಳಲ್ಲಿ ಇದು ಹೆಚ್ಚು ಗೌರವಕ್ಕೆ ಅರ್ಹವಾದದ್ದು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರಿಗೆ ಆ ವಿಷ ಬಿದ್ದ ಎಣ್ಮಕಜೆ ಪಂಚಾಯತಿನ ಇತಿಹಾಸ ಗೊತ್ತಿಲ್ಲ. ಆದರೆ ಆ ಇತಿಹಾಸ ಕಲಿಸುವ ಪಾಠ ಯಾವುದು? ಪಡ್ರೆ, ಸ್ವರ್ಗ ಭಾಗದ ಮನೆಮನೆಗಳ ಕಾಯಿಲೆಗಳಲ್ಲಿ ಏನೋ ಅಸಹಜವಿದೆಯೆಂದು ಮೊದಲು ಗುರುತಿಸಿದವರು ವಾಣಿನಗರದ ಹಳ್ಳಿ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. ಅದನ್ನು ಲೋಕದ ಮುಂದಿಟ್ಟವರಲ್ಲಿ ಪತ್ರಕರ್ತ ಶ್ರೀ ಪಡ್ರೆ ಪ್ರಮುಖರು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ತಡೆಹಿಡಿಯುವ ತನಕ ಮಾತು ಮುಟ್ಟಿದ್ದು, ಯಾರೋ ರೋಗಿಗಳ ಮೈಯನ್ನು ನೋಡಿ, ಬರೆದಿಟ್ಟು, ಹೋಲಿಸಿ, ಪ್ರಶ್ನೆ ಕೇಳಿದ್ದರಿಂದ. ನಮ್ಮ ಸಿದ್ಧಾಂತ ಕೇಳುವುದೂ ಅದನ್ನೇ. ಮದ್ದನ್ನು ಕುರುಡಾಗಿ ನಂಬಿ ಎಂದು ಅದು ಹೇಳುವುದಿಲ್ಲ. ನಿಮ್ಮ ಚರ್ಮವನ್ನು ನೋಡಿ, ಬರೆದಿಡಿ, ವೈದ್ಯರ ಮುಂದೆ ಇಡಿ, ಉತ್ತರ ಸಿಗುವ ತನಕ ಕೇಳಿ ಎನ್ನುತ್ತದೆ.

ಎರಡರ ನಡುವಿನ ಭೇದವೂ ಸ್ಪಷ್ಟವಾಗಿರಬೇಕು. ಎಂಡೋಸಲ್ಫಾನ್ ಕೀಟವನ್ನು ಕೊಲ್ಲಲು ತಯಾರಾದ ವಿಷ. ನಮ್ಮ ಒಪ್ಪಿಗೆಯಿಲ್ಲದೆ ನಮ್ಮ ನೀರಿಗೆ ಬಿತ್ತು. ಇನ್ಸುಲಿನ್ ಮನುಷ್ಯರ ದೇಹದಲ್ಲೇ ಸಹಜವಾಗಿ ಹುಟ್ಟುವ, ಹುಟ್ಟದಿದ್ದರೆ ಬದುಕೇ ಇಲ್ಲದ ರಸ. 1922ಕ್ಕೆ ಮೊದಲು ಟೈಪ್ 1 ಮಕ್ಕಳು ಸಾಯುವುದನ್ನು ನೋಡುತ್ತ ಕೂರುವುದಷ್ಟೇ ಹೆತ್ತವರ ಪಾಲಿಗಿತ್ತು. ಅಂಥ ಮಗು ಇಂದೂ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲವಾಗಿ ಪ್ರಾಣಕ್ಕೆ ಬರುತ್ತದೆ. ನ್ಯಾಯವಾದ ಸಂಶಯ ತಪ್ಪು ವಸ್ತುವಿನ ಮೇಲೆ ಬಿದ್ದರೆ ಅನ್ಯಾಯವಾಗುವುದು ಸಂಶಯಪಟ್ಟವರಿಗೇ.

*ನಾಲ್ಕನೆಯ ಆಕ್ಷೇಪ.* ಅರಸಿನ ಹಚ್ಚಿದರೆ, ತೆಂಗಿನೆಣ್ಣೆ ತಿಕ್ಕಿದರೆ ಗಂಟು ಕರಗುವುದಿಲ್ಲವೆ?

*ಸಮಾಧಾನ.* ಗಂಟು ಇರುವುದು ಚರ್ಮದ ಅಡಿಯ ಕೊಬ್ಬಿನಲ್ಲಿ, ಮೇಲಿನ ಲೇಪ ಅಲ್ಲಿಗೆ ಇಳಿದು ಕರಗಿಸುವುದಿಲ್ಲ. ಆಗತಾನೇ ಚುಚ್ಚಿದ ಕಡೆ ತಿಕ್ಕಿದರೆ ಮದ್ದು ಬೇಗ ಹರಡಿ ಸಕ್ಕರೆ ಎಣಿಸದ ಹಾಗೆ ಇಳಿಯುವ ಅಪಾಯವೂ ಇದೆ. ಆದರೆ ಎಣ್ಣೆ ಹಚ್ಚಿ ಮೀಯುವ ಪದ್ಧತಿಯಿಂದ ಬೇರೊಂದು ದೊಡ್ಡ ಉಪಕಾರ ಪಡೆಯಬಹುದು. ಕಣ್ಣಿಗೆ ಕಾಣದ ಎಷ್ಟೋ ಗಂಟುಗಳು ಜಾರುವ ಬೆರಳಿಗೆ ಸಿಗುತ್ತವೆ. ಮೀಯುವ ದಿನ ಎಣ್ಣೆಯ ಬೆರಳನ್ನು ಹೊಟ್ಟೆ, ತೊಡೆಗಳ ಮೇಲೆ ಮೆಲ್ಲನೆ ಓಡಿಸಿ. ಒಳ್ಳೆಯ ಜಾಗದಲ್ಲಿ ಚರ್ಮ ಎರಡು ಬೆರಳ ನಡುವೆ ಸುಲಭವಾಗಿ ಎತ್ತಲು ಬರುತ್ತದೆ. ಗಂಟಿದ್ದಲ್ಲಿ ದಪ್ಪವಾಗಿ, ರಬ್ಬರಿನ ಹಾಗೆ, ಎತ್ತಲು ಬಾರದೆ ನಿಲ್ಲುತ್ತದೆ. ಅದರ ಸುತ್ತ ಬರೆಯುವ ಪೆನ್ನಿನಿಂದ ಗೆರೆ ಎಳೆದರೆ ನಿಷಿದ್ಧ ಪ್ರದೇಶ ಗೊತ್ತಾಯಿತು.

*ಐದನೆಯ ಆಕ್ಷೇಪ.* ಆಸ್ಪತ್ರೆಯಲ್ಲಿ ಯಾರೂ ಹೊಟ್ಟೆ ನೋಡುವುದಿಲ್ಲ. ಸಾಲಿನಲ್ಲಿ ನಿಂತು, ಚೀಟಿ ತೋರಿಸಿ, ಬಾಟ್ಲಿ ಪಡೆದರೆ ಮುಗಿಯಿತು. ಹೆಂಗಸರು ಎಲ್ಲರೆದುರು ಸೀರೆ ಸರಿಸುವುದೆ? ಕನ್ನಡವೋ ತುಳುವೋ ಮಾತ್ರ ಬರುವ ಅಜ್ಜಿ ತುರಿಕೆಯ ಬಗೆಯನ್ನು ಮಲಯಾಳದಲ್ಲಿ ವಿವರಿಸುವುದು ಹೇಗೆ?

*ಸಮಾಧಾನ.* ಇದು ಸಿದ್ಧಾಂತಕ್ಕೆ ಅಡ್ಡಿಯಲ್ಲ, ಸಿದ್ಧಾಂತ ಯಾರ ಮೇಲೆ ಹೊಣೆ ಹೊರಿಸುತ್ತದೆಂಬುದರ ವಿವರಣೆ. ಪಾದ ನೋಡದೆ ಸಕ್ಕರೆ ಕಾಯಿಲೆಯ ತಪಾಸಣೆ ಮುಗಿಯಬಾರದೆಂದು ವೈದ್ಯಶಾಸ್ತ್ರ ಒಪ್ಪಿಕೊಂಡಿದೆ. ಹಾಗೆಯೇ ಚುಚ್ಚಿದ ಜಾಗ ಮುಟ್ಟದೆ ಇನ್ಸುಲಿನ್ ಚೀಟಿ ನವೀಕರಿಸಬಾರದು. ಅದಕ್ಕೆ ಬೇಕಾದ್ದು ಒಂದು ಪರದೆ, ಒಬ್ಬ ಸಿಸ್ಟರ್, ಎರಡು ನಿಮಿಷ. “ಅಜ್ಜೀ, ಎಲ್ಲಿ ಚುಚ್ಚುವುದು, ಒಮ್ಮೆ ತೋರಿಸಿ” ಎಂದು ಅವರಿಗೆ ಅರ್ಥವಾಗುವ ಮಾತಿನಲ್ಲಿ ಕೇಳಿದರೆ ಅರ್ಧ ಚಿಕಿತ್ಸೆ ಆದಂತೆ. ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದೆಂದು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ಮನವಿಪತ್ರಕ್ಕಿರುವ ಆ ಅವಕಾಶದ ಆಶಯ ಮೈಯ ನೋವನ್ನು ಹೇಳಿಕೊಳ್ಳುವಲ್ಲಿಗೂ ವಿಸ್ತರಿಸಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ ಚುಚ್ಚುವ ಕ್ರಮದ ಚಿತ್ರವೂ ಕನ್ನಡದ ನಾಲ್ಕು ಸಾಲೂ ಗೋಡೆಯ ಮೇಲಿರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಗಡಿನಾಡಿನ ಇನ್ನೊಂದು ಕಷ್ಟವನ್ನೂ ಇಲ್ಲೇ ಹೇಳಬೇಕು. ಬಾಟ್ಲಿ ಕೊಡುವುದು ಊರಿನ ಸರಕಾರಿ ಆಸ್ಪತ್ರೆ, ಡೋಸು ಬರೆಯುವುದು ಮಂಗಳೂರಿನ ತಜ್ಞರು. ಗಂಟನ್ನು ನೋಡಬೇಕಾದವರು ಇವರೋ ಅವರೋ ಎಂಬಲ್ಲಿ ಯಾರೂ ನೋಡದೆ ಹೋಗುತ್ತದೆ. 2020ರ ಮಾರ್ಚಿನಲ್ಲಿ, ಕೋವಿಡ್ ಲಾಕ್‌ಡೌನಿನ ಹೊತ್ತಿಗೆ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ದಾರಿ ಮುಚ್ಚಿದಾಗ ಆ ನಂಟು ಎಷ್ಟು ಸುಲಭವಾಗಿ ಕಡಿಯುತ್ತದೆಂದು ಎಲ್ಲರೂ ಕಂಡಿದ್ದೇವೆ. ಆದ್ದರಿಂದ ಚುಚ್ಚಿದ ಜಾಗದ ಲೆಕ್ಕ ರೋಗಿಯ ಕೈಯಲ್ಲೇ ಇರಬೇಕು. ಯಾವ ಕಂಪೆನಿಯ ಯಾವ ಇನ್ಸುಲಿನ್, ಎಂದಿನಿಂದ, ಎಲ್ಲಿ ಚುಚ್ಚಿದ್ದು, ಏನಾಯಿತು, ಎಷ್ಟು ಹೊತ್ತಿಗೆ ಆಯಿತು: ಒಂದು ಪುಟ್ಟ ಪುಸ್ತಕದಲ್ಲಿ ಇಷ್ಟಿದ್ದರೆ ಯಾವ ಬದಿಯ ವೈದ್ಯರಿಗೂ ಸಾಕು.

*ಆರನೆಯ ಆಕ್ಷೇಪ.* ಜಾಗ ಬದಲಿಸಿದರೂ, ಹೊಸ ಸೂಜಿ ಬಳಸಿದರೂ ಗುಳಿ ಬಿದ್ದವರಿದ್ದಾರೆ, ಅಲರ್ಜಿಯಾದವರಿದ್ದಾರೆ. ನಿಮ್ಮ ಸಿದ್ಧಾಂತ ಕೊನೆಗೆ ರೋಗಿಯ ತಲೆಗೇ ತಪ್ಪು ಕಟ್ಟುವುದಿಲ್ಲವೆ?

*ಸಮಾಧಾನ.* ಕಟ್ಟಬಾರದು. ಗುಳಿಯೂ ಅಲರ್ಜಿಯೂ ದೇಹದ ರಕ್ಷಣಾ ವ್ಯವಸ್ಥೆಯ ಪ್ರತಿಕ್ರಿಯೆಗಳು, ಶಿಸ್ತಿನ ಕೊರತೆಯಿಂದ ಬಂದವಲ್ಲ. ಕೊಬ್ಬಿನ ಗಂಟಿನಲ್ಲಿ ಅಭ್ಯಾಸದ ಪಾಲು ದೊಡ್ಡದು ಹೌದು. ಸ್ಪೇನಿನ ಅಧ್ಯಯನದಲ್ಲಿ ಸರಿಯಾಗಿ ಜಾಗ ಬದಲಿಸುತ್ತಿದ್ದವರ ಪೈಕಿ ಗಂಟು ಕಂಡದ್ದು ಶೇ. 5ರಷ್ಟು ಮಂದಿಯಲ್ಲಿ. ಆದರೆ ಜಾಗ ಬದಲಿಸಬೇಕೆಂದು ಯಾರೂ ಹೇಳಿಕೊಡದೆ ಇದ್ದಾಗ ಬದಲಿಸದವರನ್ನು ದೂರುವುದು ಧರ್ಮವಲ್ಲ. ಜೊತೆಗೆ, ಕ್ರಮ ತಪ್ಪದೆ ನಡೆಸಿದ ರೋಗಿಗೆ ಒಂದು ಬಲ ಬರುತ್ತದೆ. “ಡಾಕ್ಟ್ರೇ, ಜಾಗ ಬದಲಿಸಿದ್ದೇನೆ, ಸೂಜಿ ಹೊಸತು, ಆದರೂ ಹೀಗಾಗಿದೆ” ಎಂದು ಪುಸ್ತಕ ತೆರೆದು ತೋರಿಸಿದವರನ್ನು ತೈಲ ಹಚ್ಚಿಕೊಳ್ಳಿ ಎಂದು ಹಿಂದೆ ಕಳುಹಿಸಲು ಬರುವುದಿಲ್ಲ. ಅಭ್ಯಾಸದ ತಪ್ಪು ಇಲ್ಲವೆಂದು ತೀರ್ಮಾನವಾದ ಮೇಲೆ ಮದ್ದನ್ನೇ ಬದಲಿಸುವ, ಚರ್ಮ ತಜ್ಞರಿಗೆ, ಅಲರ್ಜಿ ತಜ್ಞರಿಗೆ ತೋರಿಸುವ ಹೊಣೆ ಆಸ್ಪತ್ರೆಯದು.

ನಿರ್ಣಯ

ಬಿಡಬೇಕೆಂಬ ಪಕ್ಷ ಬಿದ್ದಿತು, ಏಕೆಂದರೆ ಗುರುತುಗಳಲ್ಲಿ ಹೆಚ್ಚಿನವು ಮದ್ದಿನ ದೋಷವಲ್ಲ, ಮದ್ದಿನ ದೋಷವಾದಲ್ಲಿ ಬೇರೆ ಮದ್ದಿದೆ. ಲೆಕ್ಕಿಸಬಾರದೆಂಬ ಪಕ್ಷವೂ ಬಿದ್ದಿತು, ಏಕೆಂದರೆ ಯಾವ ಕಣ್ಣು, ಮೂತ್ರಪಿಂಡಗಳನ್ನು ಉಳಿಸಲು ಚುಚ್ಚುತ್ತೇವೆಯೋ ಅವನ್ನು ಕಾಯಬೇಕಾದ ಮದ್ದು ಗಂಟಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಉಳಿಯುವ ವಿಧಿಗಳು ಮೂರು. ರೋಗಿಗೆ: ಪ್ರತಿ ಸಲ ಬೆರಳಗಲ ಸರಿದು ಚುಚ್ಚಿ, ವಾರಕ್ಕೊಮ್ಮೆ ಮುಟ್ಟಿ ನೋಡಿ, ಬರೆದಿಡಿ, ಕೇಳದೆ ನಿಲ್ಲಿಸಬೇಡಿ. ಮನೆಯವರಿಗೆ: ಅಜ್ಜನಿಗೆ ಕಣ್ಣು ಮಂಜಾಗಿದ್ದರೆ, ಅಜ್ಜಿಗೆ ಕೈ ನಡುಗುತ್ತಿದ್ದರೆ ಜಾಗ ಬದಲಿಸಿ ಚುಚ್ಚುವ ಕೆಲಸ ನಿಮ್ಮದು, ಮಕ್ಕಳ ಹೊಟ್ಟೆಯನ್ನು ನೋಡುವ ಕೆಲಸ ಅಂತೂ ನಿಮ್ಮದೇ. ಆಸ್ಪತ್ರೆಗೆ ಮತ್ತು ಸರಕಾರಕ್ಕೆ: ಮದ್ದಿನ ಜೊತೆ ಸೂಜಿ ಕೊಡಿ, ಚೀಟಿ ಬರೆಯುವ ಮೊದಲು ಜಾಗ ಮುಟ್ಟಿ ನೋಡಿ, ರೋಗಿಯ ಭಾಷೆಯಲ್ಲಿ ಕಲಿಸಿ. ಮೊದಲ ಎರಡನ್ನು ಪಾಲಿಸಲು ಜನ ಸಿದ್ಧರಿದ್ದಾರೆ. ಮೂರನೆಯದು ಜಾರಿಗೆ ಬರದೆ ಅವರಿಂದ ಮಾತ್ರ ಶಿಸ್ತನ್ನು ಕೇಳುವ ಹಕ್ಕು ಯಾರಿಗೂ ಇಲ್ಲ.